ಮಾವನ ಫೋಟೋ ಕೆಳಗೆ ಮೂರು ಮೇಕೆ: ನಿಮ್ಮ ಮನೆಯಲ್ಲಿ ಯಾವ ಪದ ಕೈಕೊಟ್ಟಿದೆ?

ಸಾರಿನಪುಡಿ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ.

ಹೋದ ಭಾನುವಾರ ನಮ್ಮ ಮಾವನವರಿಗೆ 75 ತುಂಬಿತು. ಗಿರಿನಗರದ ಮನೆಯಲ್ಲೇ ಚಿಕ್ಕದಾಗಿ ಪೂಜೆ, ಊಟ. ಬಿಳಿ ಪಂಚೆ, ಜರಿ ಶಲ್ಯ, ಕೈಯಲ್ಲಿ ಮೈಸೂರು ಪಾಕಿನ ತಟ್ಟೆ ಹಿಡಿದು ಕೂತಿದ್ದರು. ಯಜಮಾನರು ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದರು. ಒಬ್ಬೊಬ್ಬರೇ ಹೂಗುಚ್ಛ, ಕೇಕು, ಮುಗಿದ ಕೈ ಹಾಕುತ್ತಾ ಬಂದರು. ಹತ್ತನೇ ಕ್ಲಾಸಿನ ನಮ್ಮ ಮಗರಾಯ ಮಾತ್ರ ಮೇಕೆ ಹಾಕಿದ. ಒಂದಲ್ಲ, ಮೂರು ಮೇಕೆ. ಜೊತೆಗೆ ಒಂದಕ್ಷರವೂ ಇಲ್ಲ.

ಮಾವ ಕನ್ನಡಕ ಹಣೆಗೇರಿಸಿ, ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. ಏನೂ ಹೇಳಲಿಲ್ಲ. ರಾತ್ರಿ ಊಟಕ್ಕೆ ಕರೆದರೆ ಹಸಿವಿಲ್ಲ ಅಂದರು. ಒಂಬತ್ತೂವರೆಗೆ ಗ್ರೂಪ್ ಬಿಟ್ಟು ಹೋದರು. ಬೆಳಿಗ್ಗೆ ಕಾಫಿ ಕೊಡಲು ಹೋದಾಗ ಮೆಲ್ಲಗೆ ಕೇಳಿದರು: "ಏನಮ್ಮಾ, ನಾನು ಬಕ್ರಾ ಆಗಿದ್ದು ಮನೆಮಂದಿಗೆಲ್ಲ ತಮಾಷೆ ಆಯ್ತಾ?"

ನನಗೆ ಎದೆ ಧಸಕ್ ಅಂತು. ಎರಡು ತಿಂಗಳ ಹಿಂದೆ ಯಾರೋ ಫೋನ್ ಮಾಡಿ, ಕರೆಂಟ್ ಬಿಲ್ ಕಟ್ಟಿಲ್ಲ, ಇವತ್ತು ರಾತ್ರಿಯೇ ಲೈನ್ ಕಟ್ ಮಾಡುತ್ತೇವೆ ಅಂತ ಹೆದರಿಸಿ ಅವರ ಕೈಯಲ್ಲಿ ಒಂದು ಲಿಂಕ್ ಒತ್ತಿಸಿದ್ದರು. 18,000 ರೂಪಾಯಿ ಹೋಯಿತು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇವೆ, ದುಡ್ಡು ಇನ್ನೂ ಬಂದಿಲ್ಲ. ಅವತ್ತು ಯಜಮಾನರು "ಅಪ್ಪಾ, ನಿಮ್ಮನ್ನ ಸರಿಯಾಗಿ ಬಕ್ರಾ ಮಾಡಿದ್ರಲ್ಲ" ಅಂದಿದ್ದರು. ಅದು ಇವರ ಮನಸ್ಸಿನಲ್ಲಿ ಹಾಗೇ ಕೂತಿತ್ತು ಅಂತ ನನಗೆ ಈಗ ಗೊತ್ತಾಯಿತು.

ಮಗನನ್ನು ಕೇಳಿದರೆ ಅವನಿಗೆ ಅಳುವೇ ಬಂತು. "ಅಮ್ಮಾ, ಗೋಟ್ ಅಂದ್ರೆ ಎಲ್ಲರಿಗಿಂತ ಬೆಸ್ಟ್ ಅಂತ. ತಾತ ಬೆಸ್ಟ್ ಅಂತ ಹಾಕಿದ್ದು." ಈಗ ತಾತ ಒಂದು ರೂಮು, ಮೊಮ್ಮಗ ಒಂದು ರೂಮು. ಇದನ್ನು ಮಾವನವರಿಗೆ ಹೇಗೆ ಬಿಡಿಸಿ ಹೇಳಲಿ? ನಿಮ್ಮ ಮನೆಗಳಲ್ಲೂ ಹೀಗೆ ಪದಗಳು ಕೈಕೊಟ್ಟಿದ್ದರೆ ಹೇಳಿ, ನನಗಾದರೂ ಸಮಾಧಾನ ಆಗಲಿ.

ಕೀಬೋರ್ಡ್ ಕಿಟ್ಟಿ:
ಮೇಡಂ, ಮೇಕೆಗೂ ಅದಕ್ಕೂ ಸಂಬಂಧವೇ ಇಲ್ಲ. 'ಗ್ರೇಟೆಸ್ಟ್ ಆಫ್ ಆಲ್ ಟೈಮ್' ಅನ್ನೋ ನಾಲ್ಕು ಪದಗಳ ಮೊದಲ ಅಕ್ಷರ ಜೋಡಿಸಿದರೆ ಗೋಟ್ ಆಗುತ್ತದೆ. ಬಾಕ್ಸರ್ ಮೊಹಮ್ಮದ್ ಅಲಿ ತನ್ನನ್ನು ತಾನೇ 'ಗ್ರೇಟೆಸ್ಟ್' ಅಂತ ಕರೆದುಕೊಳ್ಳುತ್ತಿದ್ದರಲ್ಲ, 1992ರಲ್ಲಿ ಅವರ ಹೆಂಡತಿ ಲಾನಿ ಅಲಿ ಗಂಡನ ಹೆಸರಿನ ವ್ಯವಹಾರ ನೋಡಿಕೊಳ್ಳಲು ಶುರು ಮಾಡಿದ ಕಂಪನಿಗೆ ಇದೇ ನಾಲ್ಕು ಅಕ್ಷರ ಇಟ್ಟರು. ಆಮೇಲೆ ರ‍್ಯಾಪ್ ಹಾಡುಗಾರರು ಎತ್ತಿಕೊಂಡರು, ಆಟದವರು ಎತ್ತಿಕೊಂಡರು. ಈಗ ಚಿನ್ನಸ್ವಾಮಿಯಲ್ಲಿ ಮ್ಯಾಚ್ ಇದ್ದ ದಿನ ಕೊಹ್ಲಿ ಫೋಟೋ ಕೆಳಗೆ ನೋಡಿ, ಮೇಕೆ ಮಂದೆಯೇ ಇರುತ್ತದೆ.

ಇನ್ನೊಂದು ಮಜಾ ಕೇಳಿ. ಅದಕ್ಕಿಂತ ಮುಂಚೆ ಅಮೆರಿಕದ ಬೇಸ್‌ಬಾಲ್‌ನಲ್ಲಿ ಗೋಟ್ ಅಂದರೆ ಬೈಗುಳ. ಕೊನೇ ಗಳಿಗೆಯಲ್ಲಿ ಎಡವಟ್ಟು ಮಾಡಿ ಮ್ಯಾಚ್ ಸೋಲಿಸಿದವನಿಗೆ ಪತ್ರಿಕೆಯವರು ಹಾಗೆ ಬರೆಯುತ್ತಿದ್ದರು. ಅಂದರೆ ಮಾವನವರು ಅರ್ಥ ಮಾಡಿಕೊಂಡಿದ್ದು ತಪ್ಪಲ್ಲ. ಸುಮಾರು ಮೂವತ್ತು ವರ್ಷ ಲೇಟ್, ಅಷ್ಟೆ.

ಕಟ್ಟೆಪುರಾಣ:
ಇದಕ್ಕೇ ನಾನು ಹೇಳೋದು, ಈಗಿನ ಹುಡುಗರು ಭಾಷೆಯನ್ನು ಹಾಳು ಮಾಡಿ ಗುಂಡಾಂತರ ಮಾಡುತ್ತಿದ್ದಾರೆ. ಚೆನ್ನಾಗಿದೆ ಅನ್ನೋದಕ್ಕೆ ಮೇಕೆ, ನಗು ಬಂತು ಅನ್ನೋದಕ್ಕೆ ತಲೆಬುರುಡೆ. ಮಾತಿಗೊಂದು 'ಬ್ರೋ', ಮಾತಿಗೊಂದು 'ಲಿಟರಲಿ'. ನಮ್ಮ ಕಾಲದಲ್ಲಿ ಪದಕ್ಕೊಂದು ಅರ್ಥ ಇತ್ತು. ಸಖತ್ ಬೇಜಾರಾಗುತ್ತೆ.

ಖಾಲಿದೋಸೆ:
ಅಣ್ಣಾ, 'ಸಖತ್' ಪಾರ್ಸಿ ಪದ. ಅಲ್ಲಿ ಅದಕ್ಕೆ ಗಟ್ಟಿ, ಕಠಿಣ ಅಂತ ಅರ್ಥ. 'ಬೇಜಾರು' ಕೂಡ ಅಲ್ಲಿಂದಲೇ ಬಂದಿದ್ದು. ಬೈಯೋ ವಾಕ್ಯದಲ್ಲೇ ಎರಡು ಸಿಕ್ಕಿಬಿತ್ತು. 🙂 ಗಟ್ಟಿ ಅನ್ನೋ ಪದವನ್ನು ನೀವು 'ಸಖತ್ ದೋಸೆ' ಅಂತ ತಿರುಗಿಸಬಹುದು, ನಾವು ಮೇಕೆಯನ್ನು ತಿರುಗಿಸಿದರೆ ಗುಂಡಾಂತರವಾ?

ಕಟ್ಟೆಪುರಾಣ:
ಸರಿ ಮಾರಾಯ, ಗೆದ್ದೆ. ಆದರೂ ತಲೆಬುರುಡೆ ನನಗೆ ಸೇರೋದಿಲ್ಲ.

ನಿವೃತ್ತ ಮೇಷ್ಟ್ರು:
ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಟ್ಟವನು ನಾನು. ಅಡುಗೆಮನೆಯಿಂದಲೇ ಶುರು ಮಾಡುತ್ತೇನೆ.

ಎಣ್ಣೆ ಅನ್ನೋ ಪದ ಒಡೆಯಿರಿ. ಎಳ್ ಮತ್ತು ನೆಯ್. ಎಳ್ ಅಂದರೆ ಎಳ್ಳು. ನೆಯ್ ಅಂದರೆ ತುಪ್ಪ, ಜಿಡ್ಡು. ಹಾಗಾಗಿ ಎಣ್ಣೆ ಅಂದರೆ ಮೊದಲಿಗೆ ಎಳ್ಳಿನದು ಮಾತ್ರ. ಬೆಣ್ಣೆಯೂ ಹೀಗೆಯೇ, ಬೆಳ್ಳಗಿನ ನೆಯ್. ಆಮೇಲೆ ಜನ ಕಡಲೆಕಾಯಿ ಹಿಂಡಿದರು, ಕೊಬ್ಬರಿ ಹಿಂಡಿದರು, ಹರಳು ಹಿಂಡಿದರು. ಎಲ್ಲಕ್ಕೂ ಎಣ್ಣೆ ಅಂದರು. ಎಳ್ಳಿನ ನೆನಪು ಪೂರ್ತಿ ಅಳಿಸಿಹೋಯಿತು. ಎಷ್ಟರಮಟ್ಟಿಗೆ ಅಂದರೆ ಎಳ್ಳಿನದನ್ನು ಬೇರೆಯಾಗಿ ಹೇಳಬೇಕಾದಾಗ 'ಎಳ್ಳೆಣ್ಣೆ' ಅಂದೆವು. ಶನಿವಾರ ದೀಪಕ್ಕೆ ಎಳ್ಳೆಣ್ಣೆ ಹಾಕುವವರೆಲ್ಲ ಎಳ್ಳನ್ನು ಎರಡು ಸಲ ಹೇಳುತ್ತಿದ್ದಾರೆ, ಯಾರಿಗೂ ಗೊತ್ತಿಲ್ಲ. ಪರದೇಶದಿಂದ ಹಡಗಿನಲ್ಲಿ ಬಂದಿದ್ದು ಸೀಮೆಎಣ್ಣೆ ಆಯಿತು. ಅದರಲ್ಲಿ ಬೀಜವೂ ಇಲ್ಲ, ಗಾಣವೂ ಇಲ್ಲ.

ಈಗ ನಮ್ಮ ಬಡಾವಣೆ ಹುಡುಗರು "ಶನಿವಾರ ಎಣ್ಣೆ ಇದೆ, ಬರ್ತೀಯಾ?" ಅನ್ನುತ್ತಾರೆ. ದೀಪ ಹಚ್ಚೋದಕ್ಕಂತೂ ಕರೆಯುತ್ತಿಲ್ಲ ಬಿಡಿ. ಎಳ್ಳಿನಿಂದ ಹೊರಟ ಪದ ಬಾರಿನ ಟೇಬಲ್ಲಿಗೆ ಬಂದು ಕೂತಿದೆ.

ಸಾರಿನಪುಡಿ ಅವರು 'ಯಜಮಾನರು' ಅಂತ ಬರೆದಿದ್ದೀರಲ್ಲ, ಅದು ಮೂಲದಲ್ಲಿ ಯಜ್ಞ ಮಾಡಿಸುವವನಿಗೆ ಹೇಳುತ್ತಿದ್ದ ಪದ. ನಿಮ್ಮವರು ಯಾವತ್ತಾದರೂ ಯಜ್ಞ ಮಾಡಿಸಿದ್ದಾರೆಯೇ?

ಸಾರಿನಪುಡಿ:
ಮೇಷ್ಟ್ರೇ, ಗ್ಯಾಸ್ ಸ್ಟೌ ಹಚ್ಚೋದಕ್ಕೂ ಅವರಿಗೆ ಬರೋದಿಲ್ಲ!

ಬೆಂಚ್ ಮೇಲಿನವನು:
ತಲೆಬುರುಡೆ ಅಂದಿರಲ್ಲ, ನಮ್ಮ ಅಪಾರ್ಟ್‌ಮೆಂಟಿನ ಕಥೆ ಕೇಳಿ. ಕನಕಪುರ ರಸ್ತೆಯಲ್ಲಿದೆ, ಗ್ರೂಪಿನಲ್ಲಿ ಇನ್ನೂರು ಚಿಲ್ಲರೆ ಜನ. ಒಂದು ದಿನ ಬೆಳಿಗ್ಗೆ, ಬಿ ಬ್ಲಾಕಿನ ಹಿರಿಯರೊಬ್ಬರು ತೀರಿಕೊಂಡರು ಅಂತ ಮೆಸೇಜ್ ಬಂತು. ಎಲ್ಲರೂ 'ಓಂ ಶಾಂತಿ' ಹಾಕುತ್ತಿದ್ದಾರೆ. ಮೂರನೇ ಮಹಡಿಯ ಆಂಟಿ ಒಬ್ಬರು ನಕ್ಕು ನಕ್ಕು ಕಣ್ಣೀರು ಸುರಿಸುವ ಮುಖ ಹಾಕಿದರು. ಒಂದರ ಪಕ್ಕ ಒಂದು, ಐದು ಮುಖ. ಅವರ ಲೆಕ್ಕದಲ್ಲಿ ಕಣ್ಣಲ್ಲಿ ನೀರು ಇದೆ ಅಂದರೆ ಅಳು. ಪಾಪ, ನಿಜಕ್ಕೂ ಅತ್ತೇ ಕಳಿಸಿದ್ದರು. ಸಂಜೆವರೆಗೂ ಯಾರೂ ಅವರಿಗೆ ಹೇಳಲಿಲ್ಲ. ಕೊನೆಗೆ ಸೆಕ್ಯುರಿಟಿಯವನೇ ಇಂಟರ್‌ಕಾಮ್ ಮಾಡಿ "ಮೇಡಂ, ಅದು ನಗೋದು" ಅಂದನಂತೆ.

ಅದೇ ಮುಖವನ್ನು 2015ರಲ್ಲಿ ಆಕ್ಸ್‌ಫರ್ಡ್ ನಿಘಂಟಿನವರು ವರ್ಷದ ಪದ ಅಂತ ಆರಿಸಿದ್ದರು. ಅಕ್ಷರವೇ ಇಲ್ಲದ ಪದ! ಹತ್ತು ವರ್ಷ ಕಳೆಯುವುದರಲ್ಲಿ ನಮ್ಮ ಟೀಮಿನ ಹುಡುಗರು ಅದನ್ನು 'ಅಂಕಲ್ ಎಮೋಜಿ' ಅನ್ನುತ್ತಾರೆ. ಅವರಿಗೆ ನಗು ಬಂದರೆ ಬುರುಡೆ, 'ನಕ್ಕು ಸತ್ತೆ' ಅಂತ. ಅಂದರೆ ಸಾವಿನ ಮನೆಗೆ ನಗು ಹೋಗುತ್ತಿದೆ, ಜೋಕಿನ ಮನೆಗೆ ಬುರುಡೆ ಹೋಗುತ್ತಿದೆ.

ಹೆಬ್ಬೆರಳಿನ ವಿಷಯವೂ ಇದೆ. ಮ್ಯಾನೇಜರ್ ಮೆಸೇಜಿಗೆ ನಾನು ಹೆಬ್ಬೆರಳು ಹಾಕಿದರೆ 'ಆಯ್ತು ಸರ್' ಅಂತ ಅರ್ಥ. ನನ್ನ ಮೆಸೇಜಿಗೆ ಇಪ್ಪತ್ತೆರಡರ ಹುಡುಗಿ ಹೆಬ್ಬೆರಳು ಹಾಕಿದರೆ 'ಸಾಕು, ಹೋಗು' ಅಂತ ಅರ್ಥವಂತೆ. ಕೆನಡಾದಲ್ಲಿ 2023ರಲ್ಲಿ ಇದು ಕೋರ್ಟಿಗೇ ಹೋಗಿತ್ತು. ಅಗಸೆ ಬೀಜ ಮಾರುವ ಒಪ್ಪಂದದ ಫೋಟೋ ಕಳಿಸಿದಾಗ ರೈತ ಹೆಬ್ಬೆರಳು ಹಾಕಿದ್ದ. ಮೆಸೇಜ್ ತಲುಪಿತು ಅಂತ ಹೇಳಿದ್ದೆ ಅಷ್ಟೆ ಅಂತ ಅವನ ವಾದ. ಅದು ಸಹಿ ಇದ್ದ ಹಾಗೆಯೇ ಅಂತ ಜಡ್ಜ್ ಹೇಳಿದರು. 80 ಸಾವಿರ ಡಾಲರಿಗಿಂತ ಜಾಸ್ತಿ ಕಟ್ಟಬೇಕಾಯಿತು. ನಮ್ಮಲ್ಲಿ ಹೆಬ್ಬೆಟ್ಟು ಒತ್ತಿ ಜಮೀನು ಕಳೆದುಕೊಂಡವರ ಕಥೆ ಎಷ್ಟಿಲ್ಲ, ಅಲ್ವಾ? ಅಲ್ಲಿ ಮಸಿ ಇರಲಿಲ್ಲ ಅನ್ನೋದೊಂದೇ ವ್ಯತ್ಯಾಸ.

ಮೀಟರ್ ಮಲ್ಲ:
ನಾನು ಆಟೋ ಓಡಿಸೋನು. ನಮಗೆ ಮೀಟರ್ ಅಂದರೆ ಮುಂದೆ ಕೆಂಪಗೆ ಉರಿಯೋ ಡಬ್ಬ. ಹುಡುಗರಿಗೆ ಮೀಟರ್ ಅಂದರೆ ಧೈರ್ಯ. ಮೊನ್ನೆ ಜಯನಗರದ ನಾಲ್ಕನೇ ಬ್ಲಾಕಿನಲ್ಲಿ ಕಾಲೇಜು ಹುಡುಗಿ ಒಬ್ಬಳು "ಅಣ್ಣಾ, ಮೀಟರ್ ಇದ್ಯಾ?" ಅಂದಳು. ಪಕ್ಕದವಳು ಕಿಸಕ್ಕನೆ ನಕ್ಕಳು. "ಎರಡೂ ಇದೆಯಮ್ಮ, ಯಾವುದು ಹಾಕಲಿ?" ಅಂದೆ. ಬನಶಂಕರಿ ತನಕ ನಗುತ್ತಲೇ ಬಂದರು.

ಹಾಗೇ ಇನ್ನೊಂದು. ಸಿಲ್ಕ್ ಬೋರ್ಡ್ ಅಂದರೆ ಏನು ಅಂತ ಯಾರನ್ನಾದರೂ ಕೇಳಿ. ಟ್ರಾಫಿಕ್ ಜಾಮ್ ಅನ್ನುತ್ತಾರೆ. ಅಲ್ಲಿ ರೇಷ್ಮೆ ಮಂಡಳಿ ಆಫೀಸು ಇದೆ, ಅದಕ್ಕೇ ಆ ಹೆಸರು. ಎಷ್ಟು ಜನಕ್ಕೆ ನೆನಪಿದೆ? ನಮ್ಮ ಮನೆಯವಳು ಸಿಂಕಿನಲ್ಲಿ ಪಾತ್ರೆ ತುಂಬಿಕೊಂಡರೆ "ಸಿಲ್ಕ್ ಬೋರ್ಡ್ ಆಗಿದೆ, ಸ್ವಲ್ಪ ಕ್ಲಿಯರ್ ಮಾಡಿ" ಅನ್ನುತ್ತಾಳೆ.

ಕೀಬೋರ್ಡ್ ಕಿಟ್ಟಿ:
ಮಲ್ಲಣ್ಣ, ನೀವು ಮೀಟರ್ ಮೇಲೆ ಬಂದಿರಿ ಅನ್ನೋದೇ ಇಲ್ಲಿ ದೊಡ್ಡ ಸುದ್ದಿ. ನಂಬೋಕೆ ಆಗ್ತಿಲ್ಲ.

ಮೀಟರ್ ಮಲ್ಲ:
ಒಂದೂವರೆ ಕೇಳೋಣ ಅಂತಲೇ ಇದ್ದೆ ಗುರು. ಆ ಹುಡುಗಿ ನಗಿಸಿಬಿಟ್ಟಳು.

ಖಾಲಿದೋಸೆ:
ನೋಡಿ, ಇಲ್ಲೇ ಇನ್ನೊಂದು. 'ಗುರು'! ಕಾಲಿಗೆ ಬಿದ್ದು ನಮಸ್ಕಾರ ಮಾಡಬೇಕಾದವರು ಗುರು. ಬೈಕು ಅಡ್ಡ ಬಂದರೆ "ಏನ್ ಗುರೂ, ಕಣ್ ಕಾಣಲ್ವಾ" ಅಂತ ಬೈಯೋದಕ್ಕೂ ಗುರು. ಇದನ್ನು ಮಾಡಿದ್ದು ನಮ್ಮ ವಯಸ್ಸಿನವರಲ್ಲ, ನಮ್ಮಪ್ಪನ ವಯಸ್ಸಿನವರು. 'ಚಿಂದಿ' ಅಂದರೆ ಹರಿದ ಬಟ್ಟೆ, ಈಗ 'ಚಿಂದಿ ಪರ್ಫಾರ್ಮೆನ್ಸ್' ಅಂದರೆ ಶಿಳ್ಳೆ ಹೊಡೆಯಬೇಕು. 'ಮಿಸ್ ಕಾಲ್ ಕೊಡು' ಅಂತೀರಿ. ಬೇಕು ಅಂತಲೇ ಮಾಡೋದು ಮಿಸ್ ಹೇಗಾಗುತ್ತೆ? ಫೋನಿಗೆ 'ಕರೆನ್ಸಿ ಹಾಕಿಸು' ಅಂತೀರಿ. ಕಂತೆ ನೋಟು ಒಳಗೆ ತುರುಕುತ್ತೀರಾ?

ಆದರೆ ಒಂದು ಒಪ್ಪುತ್ತೇನೆ. ನನ್ನ ತಮ್ಮ ಏಳನೇ ಕ್ಲಾಸು. ದಿನಕ್ಕೆ ನೂರು ಸಲ 'ಸಿಕ್ಸ್ ಸೆವೆನ್' ಅಂತ ಎರಡು ಕೈ ಮೇಲೆ ಕೆಳಗೆ ಆಡಿಸುತ್ತಾನೆ. ಒಂದು ರ‍್ಯಾಪ್ ಹಾಡಿನಿಂದ ಬಂದಿದ್ದು. ಅರ್ಥ ಏನು ಅಂದರೆ ಏನೂ ಇಲ್ಲ. 2025ರಲ್ಲಿ ಡಿಕ್ಷನರಿ ಡಾಟ್ ಕಾಮ್ ಅದನ್ನೇ ವರ್ಷದ ಪದ ಅಂತ ಆರಿಸಿತು. ಹತ್ತೊಂಬತ್ತು ವರ್ಷಕ್ಕೇ ನಾನು ಮುದುಕ ಆದೆ.

ನಿವೃತ್ತ ಮೇಷ್ಟ್ರು:
ಅಂಕಿಗೆ ಅರ್ಥ ಅಂಟಿಸುವುದು ಹೊಸದೇನಲ್ಲಪ್ಪ. ನಮ್ಮ ಕಾಲದಲ್ಲಿ 'ಫೋರ್ ಟ್ವೆಂಟಿ' ಅಂದರೆ ಸಾಕು, ಮೋಸಗಾರ. 1860ರ ದಂಡ ಸಂಹಿತೆಯ 420ನೇ ಸೆಕ್ಷನ್ನಿನಿಂದ ಬಂದಿದ್ದು. 2024ರ ಜುಲೈ 1ರಿಂದ ಹೊಸ ನ್ಯಾಯ ಸಂಹಿತೆ ಬಂತು, ವಂಚನೆಗೆ ಈಗ 318. ಆದರೆ ಯಾರನ್ನಾದರೂ 'ತ್ರೀ ಏಟೀನ್ ನನ್ಮಗ' ಅಂತ ಬೈದು ನೋಡಿ. ಅವನಿಗೆ ಸಿಟ್ಟೇ ಬರುವುದಿಲ್ಲ, ಬಸ್ ನಂಬರ್ ಅಂದುಕೊಳ್ಳುತ್ತಾನೆ. ಕಾನೂನು ಹೋದರೂ ಬೈಗುಳ ಉಳಿದುಕೊಂಡಿದೆ. ಇದೇ 420 ಅಮೆರಿಕದವರಿಗೆ ಗಾಂಜಾ ಅಂತೆ, ಅದು ಬೇರೆ ಕಥೆ.

ಬೆಂಚ್ ಮೇಲಿನವನು:
ನಮ್ಮಪ್ಪನಿಗೆ ಫೋನಿನಲ್ಲಿ "ಇವತ್ತು ಮೂರು ಟಿಕೆಟ್ ಕ್ಲೋಸ್ ಮಾಡಿದೆ" ಅಂದೆ. ಕೆಲಸದ್ದು, ಕಂಪ್ಯೂಟರಿನಲ್ಲಿ ಬರುವ ದೂರುಗಳು. ಅವರು ಹಾಸನ ಕಡೆ. ಅಲ್ಲಿ ಟಿಕೆಟ್ ತಗೊಂಡ ಅಂದರೆ ಸತ್ತ ಅಂತ. "ಯಾರ‍್ಯಾರೋ?" ಅಂದರು.

ಹಿಂದಿಯವರ ಜೊತೆ ಕೆಲಸ ಮಾಡಿದರೆ ಇನ್ನೂ ಮಜಾ. ನನ್ನ ಪಕ್ಕ ಕೂರುವವನು ಲಖನೌ ಕಡೆಯವನು. ಮನೆಗೆ ಊಟಕ್ಕೆ ಬಂದಾಗ ಅಮ್ಮನಿಗೆ ಅರ್ಧಂಬರ್ಧ ಕನ್ನಡದಲ್ಲಿ "ನನ್ನ ಮಗಳಿಗೆ ಬೆಂಗಳೂರಲ್ಲಿ ಒಳ್ಳೆ ಶಿಕ್ಷೆ ಸಿಗ್ತಿದೆ" ಅಂದ. ಅಮ್ಮ ಬಡಿಸುತ್ತಿದ್ದ ಸೌಟು ಹಾಗೇ ನಿಂತಿತು. ಅವನು ಹೇಳಿದ್ದು ಓದಿನ ವಿಷಯ. ಒಂದೇ ಸಂಸ್ಕೃತ ಪದ ಅಲ್ಲಿ ಸ್ಕೂಲಿಗೆ ಹೋಯಿತು, ಇಲ್ಲಿ ಜೈಲಿಗೆ ಹೋಯಿತು. 'ಅವಸರ'ವೂ ಹಾಗೇ. ಅವನಿಗೆ ಅವಕಾಶ, ನಮಗೆ ಗಡಿಬಿಡಿ. ತೆಲುಗಿನವರಿಗೆ ಅಗತ್ಯ.

ಕಟ್ಟೆಪುರಾಣ:
ಈಗ ನನಗೂ ಒಂದು ಹೊಳೆಯಿತು. ನಮ್ಮಜ್ಜಿ ಹೂವಿಗೂ 'ವಾಸನೆ ಚೆನ್ನಾಗಿದೆ' ಅನ್ನುತ್ತಿದ್ದರು. ಈಗ 'ವಾಸನೆ ಬರ್ತಿದೆ' ಅಂದರೆ ಎಲ್ಲರೂ ಮೂಗು ಮುಚ್ಚಿಕೊಳ್ಳುತ್ತಾರೆ. ಯಾವಾಗ ಹೀಗಾಯಿತು ಮೇಷ್ಟ್ರೇ?

ನಿವೃತ್ತ ಮೇಷ್ಟ್ರು:
ಒಳ್ಳೆಯ ಪ್ರಶ್ನೆ ಕೇಳಿದಿರಿ. 'ನಾತ' ಅನ್ನೋ ಪದಕ್ಕೂ ಮೊದಲು ಇದೇ ಗತಿ ಆಗಿತ್ತು. ಹಳಗನ್ನಡದ ಕಾಲದಲ್ಲಿ ಮೂಗಿಗೆ ಬಡಿಯೋದೆಲ್ಲ ನಾತವೇ, ಒಳ್ಳೆಯದಿರಲಿ ಕೆಟ್ಟದ್ದಿರಲಿ. ಆಮೇಲೆ ಅದು ಚರಂಡಿಗೇ ಮೀಸಲಾಯಿತು. ಮರ್ಯಾದಸ್ಥರು ನಾತ ಅನ್ನೋದಕ್ಕೆ ಮುಜುಗರಪಟ್ಟು ವಾಸನೆ ಅಂದರು. ಹೇಳಿ ಹೇಳಿ ವಾಸನೆಗೂ ನಾತ ಹತ್ತಿತು. ಈಗ ವಾಸನೆ ಅನ್ನೋದಕ್ಕೂ ಮುಜುಗರ, 'ಸ್ಮೆಲ್ ಬರ್ತಿದೆ' ಅನ್ನುತ್ತೇವೆ. ಹಾಗಂದ ತಕ್ಷಣ ಫ್ರಿಜ್ಜಿನಲ್ಲಿ ಏನು ಕೊಳೆತಿದೆ ಅಂತ ಹುಡುಕುತ್ತೇವೆ ತಾನೇ? ಸ್ಮೆಲ್ಲಿನ ಕಥೆಯೂ ಮುಗಿಯಿತು. ನಮ್ಮ ಸೊಸೆ ಈಗ 'ಫ್ರಿಜ್ಜಲ್ಲಿ ಏನೋ ಒಂಥರಾ' ಅಂತಾಳೆ. 'ಒಂಥರಾ'ಕ್ಕೆ ಯಾವಾಗ ನಾತ ಹತ್ತುತ್ತದೋ ನೋಡಬೇಕು.

ಸಾರಿನಪುಡಿ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಆಗಿದ್ದು ಹೇಳುತ್ತೇನೆ.

ಮಗನ ಕೈ ಹಿಡಿದುಕೊಂಡು ಮಾವನ ರೂಮಿಗೆ ಹೋದೆ. ಕಿಟ್ಟಿಯವರು ಹೇಳಿದ್ದನ್ನೆಲ್ಲ ಹೇಳಿದೆ. ಮೊಹಮ್ಮದ್ ಅಲಿ ಹೆಸರು ಕೇಳಿ ಮಾವ ಸ್ವಲ್ಪ ನೆಟ್ಟಗೆ ಕೂತರು. ರೇಡಿಯೋದಲ್ಲಿ ಅವನ ಸುದ್ದಿ ಕೇಳುತ್ತಿದ್ದರಂತೆ. ಆದರೂ ನಂಬಿಕೆ ಬರಲಿಲ್ಲ. "ಸುಮ್ನೆ ಸಮಾಧಾನಕ್ಕೆ ಹೇಳ್ತಿದ್ದೀಯ" ಅಂದರು. ಆಗ ಮಗ "ಇಲ್ಲ ತಾತಾ, ನೋ ಕ್ಯಾಪ್" ಅಂದುಬಿಟ್ಟ. ಅಯ್ಯೋ, ಇನ್ನೊಂದು ಬೇರೆ ಬಂತಲ್ಲಪ್ಪ ಅಂತ ನಾನು ಹಣೆ ಚಚ್ಚಿಕೊಂಡೆ.

"ಕ್ಯಾಪ್ ಅಂದ್ರೆ ಟೋಪಿ ಅಲ್ವೇನೋ?" ಅಂದರು ಮಾವ.

"ಹೂಂ ತಾತ. ಕ್ಯಾಪ್ ಅಂದ್ರೆ ಸುಳ್ಳು. ನೋ ಕ್ಯಾಪ್ ಅಂದ್ರೆ ಸುಳ್ಳಲ್ಲ."

ಮಾವ ಒಂದು ನಿಮಿಷ ಸುಮ್ಮನಿದ್ದರು. ಆಮೇಲೆ "ಅಂದ್ರೆ ನೀನು ನನಗೆ ಟೋಪಿ ಹಾಕ್ತಿಲ್ಲ ಅಂತ" ಅಂದರು. ಮಗನಿಗೆ 'ಟೋಪಿ ಹಾಕೋದು' ಅಂದರೆ ಮೋಸ ಮಾಡೋದು ಅಂತ ಗೊತ್ತೇ ಇರಲಿಲ್ಲ! ಇವನಿಗೆ ಅವರು ಅದನ್ನು ಬಿಡಿಸಿ ಹೇಳಿದರು. ನಾಮ ಹಾಕೋದು, ಕಿವಿಗೆ ಹೂವು ಇಡೋದು, ರೈಲು ಬಿಡೋದು, ಕಾಗೆ ಹಾರಿಸೋದು, ಒಂದೊಂದಾಗಿ ಎಲ್ಲ ಬಂತು. ಮಗ ಫೋನಿನಲ್ಲಿ ಬರೆದುಕೊಳ್ಳುತ್ತಿದ್ದ. ಆ ಕರೆಂಟ್ ಬಿಲ್ ಫೋನಿನ ವಿಷಯ ಮಾವ ಮೊದಲ ಸಲ ತಾವಾಗಿಯೇ ಎತ್ತಿದರು. ಅವನು ಏನೇನು ಮಾತಾಡಿದ, ಹೇಗೆ ಅವಸರ ಮಾಡಿಸಿದ, ಎಲ್ಲ ಹೇಳಿದರು. "ಪಕ್ಕಾ ಫೋರ್ ಟ್ವೆಂಟಿ" ಅಂದರು. ಮೇಷ್ಟ್ರೇ, 318ರ ವಿಷಯ ನಾನು ಎತ್ತಲಿಲ್ಲ.

ಯಜಮಾನರು ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. 'ಬಕ್ರಾ' ಅಂದಿದ್ದಕ್ಕೆ ಅವರೂ ತಪ್ಪಾಯಿತು ಅಂದರು. ಬಾಯಲ್ಲಿ ಹೇಳಲಿಲ್ಲ ಬಿಡಿ, ಎಲೆ ಅಡಿಕೆ ತಟ್ಟೆ ತಂದು ಅಪ್ಪನ ಮುಂದೆ ಇಟ್ಟರು. ನಮ್ಮ ಮನೆಯಲ್ಲಿ ಹಾಗೇ.

ಇವತ್ತು ಬೆಳಿಗ್ಗೆ ಮಾವ ಗ್ರೂಪಿಗೆ ವಾಪಸ್ ಬಂದಿದ್ದಾರೆ. ಅತ್ತೆ ಮಾಡಿದ ಒಬ್ಬಟ್ಟಿನ ಫೋಟೋ ಹಾಕಿದ್ದೆ. ಅದರ ಕೆಳಗೆ ಮಾವ ಒಂದು ಮೇಕೆ ಹಾಕಿದ್ದಾರೆ. ಅತ್ತೆ ಅಡುಗೆಮನೆಯಿಂದ ಕೂಗುತ್ತಿದ್ದಾರೆ: "ಇದೇನ್ರೀ ಇದು, ನಾನೇನು ಆಡಿನ ಹಾಲಲ್ಲಿ ಹೂರಣ ರುಬ್ಬಿದೀನಾ?"

ಮೀಟರ್ ಮಲ್ಲ:
ಅತ್ತೆಯವರಿಗೆ ಯಾರು ಹೇಳ್ತೀರೋ ಹೇಳಿ. ಒಬ್ಬಟ್ಟು ಮಿಕ್ಕಿದ್ರೆ ಗಿರಿನಗರಕ್ಕೆ ಮೀಟರ್ ಮೇಲೇ ಬರ್ತೀನಿ.